ಗಂಜ್‌ನ ಕೆಂಪು ಕಿರ್ದಿ ಪುಸ್ತಕದಲ್ಲಿ ನನ್ನ ಐದನೇ ಸೆಮಿಸ್ಟರ್

ಈ ಕಿರ್ದಿ ಪುಸ್ತಕ, ಅಂದರೆ ವ್ಯಾಪಾರಿಗಳ ದಿನಲೆಕ್ಕದ ಪುಸ್ತಕ, ಕೈಗೆ ಬರುವ ಮುಂಚೆ 450 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಸ್ಟಡಿ ಪ್ಲಾನರ್ ತರಿಸಿದ್ದೆ. ಪುಟಕ್ಕೊಂದು ಹಿತವಚನ, ಕುಡಿದ ನೀರು ಲೆಕ್ಕ ಹಾಕಲು ಎಂಟು ಲೋಟದ ಚಿತ್ರ. ಕಲಬುರಗಿಯ ಬಿಸಿಲಿಗೆ ಎಂಟು ಲೋಟ ಯಾತಕ್ಕೂ ಸಾಲದು, ಅದಿರಲಿ. ಹನ್ನೊಂದು ದಿನ ಬರೆದೆ. ಮೊದಲ ಇಂಟರ್ನಲ್ಸ್‌ನಲ್ಲಿ ಟಿಓಸಿಗೆ (ಥಿಯರಿ ಆಫ್ ಕಂಪ್ಯುಟೇಶನ್) 25ಕ್ಕೆ 7 ಬಂದ ದಿನ ಅದು ಕಪಾಟಿನ ತಳ ಸೇರಿತು.

ಗಂಜ್‌ನ (ಕಲಬುರಗಿಯ ಧಾನ್ಯ ಮಾರುಕಟ್ಟೆ) ಅಡತಿ ಅಂಗಡಿಯೊಂದರಲ್ಲಿ ನಮ್ಮ ಕಾಕಾ ಲೆಕ್ಕ ಬರೆಯುವ ಮುನೀಮರು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ ಕೊಳ್ಳಲು ಕಲಬುರಗಿಯ ಪೇಟೆಯಾದ ಸೂಪರ್ ಮಾರ್ಕೆಟ್‌ಗೆ ಹೊರಟಿದ್ದರು, ನಾನೂ ಜೊತೆಗೆ ಹೋದೆ.

"ಎಷ್ಟ್ ಕ್ಲಾಸ್ ತಪ್ಪಿಸೀಯವ್ವಾ?" ಅಂದರು. ಗೊತ್ತಿಲ್ಲ ಅಂದೆ.

"ಉದ್ರಿ ಎಷ್ಟದ ಅಂತ ಗೊತ್ತಿಲ್ದ ದುಕಾನ ಹ್ಯಾಂಗ ನಡೀತದ?"

ನನಗೂ ಒಂದು ಆರಿಸಿಕೊಟ್ಟರು. 140 ರೂಪಾಯಿ. ಕೊಟ್ಟಿದ್ದು ಮಾತ್ರ ನಾನೇ.

ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಬೆನ್ನಿಗೆ ದಾರದ ಹೊಲಿಗೆ. ತಾರೀಕು ಅಚ್ಚಾಗಿಲ್ಲ, ಹಿತವಚನವಂತೂ ಇಲ್ಲವೇ ಇಲ್ಲ. ಇದೇ ಇದರ ದೊಡ್ಡ ಗುಣ: ನಾಲ್ಕು ದಿನ ಬರೆಯದಿದ್ದರೆ ಖಾಲಿ ಪುಟಗಳು ನಿಮ್ಮನ್ನು ನೋಡಿ ಹಲ್ಲು ಕಿರಿಯುವುದಿಲ್ಲ, ಇವತ್ತಿನ ತಾರೀಕು ಹಾಕಿ ಮುಂದುವರಿಯಬಹುದು.

ಕಾಕಾ ಹೇಳಿಕೊಟ್ಟ ಪದ್ಧತಿ ಇಷ್ಟು. ಪುಸ್ತಕದ ಮುಂಭಾಗದಲ್ಲಿ ಕಿರ್ದಿ, ಅಂದರೆ ಆಯಾ ದಿನದ್ದು ಆಯಾ ರಾತ್ರಿ. ಎಡಕ್ಕೆ ಜಮಾ: ಕೂತ ಕ್ಲಾಸು, ಮುಗಿದ ಅಸೈನ್‌ಮೆಂಟು. ಬಲಕ್ಕೆ ಖರ್ಚು: ತಪ್ಪಿದ ಕ್ಲಾಸು, ಹೊಸದಾಗಿ ತಲೆಗೆ ಬಿದ್ದ ಕೆಲಸ. ಪುಸ್ತಕದ ಹಿಂಭಾಗದಲ್ಲಿ ಖತಾವಣಿ, ವಿಷಯಕ್ಕೊಂದು ಖಾತೆ. ಭಾನುವಾರ ಕೂತು ಕಿರ್ದಿಯಿಂದ ಖಾತೆಗಳಿಗೆ ಇಳಿಸಬೇಕು.

ಮೊದಲ ಭಾನುವಾರವೇ ಬೆವರಿಳಿಯಿತು. ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಕೇಳುವುದು ಪ್ರತಿ ವಿಷಯಕ್ಕೂ ಶೇ. 85 ಹಾಜರಿ. 50 ಗಂಟೆಯ ವಿಷಯಕ್ಕೆ 43 ಕೂರಲೇಬೇಕು, ಕೈಯಲ್ಲಿರುವುದು ಏಳೇ. ಹಿಂದೆ ತಪ್ಪಿದ್ದನ್ನೂ ಸೇರಿಸಿದರೆ ಟಿಓಸಿಯಲ್ಲಿ ಆಗಲೇ ಐದು ಖರ್ಚಾಗಿತ್ತು! ಆಳಂದದಿಂದ ಕಲಬುರಗಿಗೆ ಅಪ್-ಡೌನ್ ಮಾಡುವವಳು ನಾನು. ಎಂಟರ ಬಸ್ಸು ಸಿಗದಿದ್ದರೆ ಮೊದಲ ಪೀರಿಯಡ್ ಹೋಯಿತೆಂದೇ ಲೆಕ್ಕ, ಆ ಮೊದಲ ಪೀರಿಯಡ್ಡೇ ಟಿಓಸಿ. ಮೂರು ತಿಂಗಳಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ. ಖಾತೆಯಲ್ಲಿ ಒಂದರ ಕೆಳಗೊಂದು ಸೋಮವಾರ, ಬುಧವಾರ, ಸೋಮವಾರ ಎಂದು ಬಿದ್ದಾಗ ಕಂಡಿತು. ಅಂದಿನಿಂದ ಏಳೂಕಾಲರ ಬಸ್ಸು. ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟನ್ನೇ ಪುಟಕ್ಕೆ ಗುರುತಾಗಿ ಇಡುತ್ತೇನೆ.

ಪರೀಕ್ಷೆಗೂ ಖಾತೆಯೇ ಆಧಾರವಾಯಿತು. ಥಿಯರಿ ಪೇಪರಿನಲ್ಲಿ ಐದು ಮಾಡ್ಯೂಲು, ಪ್ರತಿಯೊಂದರಿಂದ ಎರಡು ಪ್ರಶ್ನೆ, ಅದರಲ್ಲೊಂದು ಬರೆಯಬೇಕು. ಒಂದು ಮಾಡ್ಯೂಲ್ ಬಿಟ್ಟರೆ 100ರಲ್ಲಿ 20 ಅಂಕ ಕೈಬಿಟ್ಟಂತೆ. ಹಾಗಾಗಿ ಪ್ರತಿ ಖಾತೆಯಲ್ಲಿ ಮಾಡ್ಯೂಲಿಗೊಂದು ಸಾಲು: ಓದಿದ ತಾರೀಕು, ಹಳೇ ಪ್ರಶ್ನೆಪತ್ರಿಕೆಯಿಂದ ನೋಡದೆ ಬರೆದ ತಾರೀಕು. ಎರಡನೇ ತಾರೀಕು ಬೀಳುವ ತನಕ ಅದು ಉದ್ರಿಯೇ. ಓದಿದೆ ಅಂದುಕೊಂಡದ್ದರಲ್ಲಿ ಅರ್ಧಕ್ಕರ್ಧ ಉದ್ರಿಯಲ್ಲೇ ಇತ್ತು ಅನ್ನುವುದು ಡಿಸೆಂಬರಿನಲ್ಲಿ ತಿಳಿಯಿತು. ಜನವರಿಯಲ್ಲಿ ತಿಳಿದಿದ್ದರೆ ಏನು ಮಾಡುವುದಿತ್ತು!

ಇನ್ನು ದೂರುಗಳು. ಜೆಲ್ ಪೆನ್ ಬೇಡ, ಹಾಳೆಯ ಹಿಂಬದಿಗೆ ಇಳಿಯುತ್ತದೆ. ರಟ್ಟಿನ ಬಣ್ಣ ಗಟ್ಟಿಯಲ್ಲ. ಬ್ಯಾಗಿನಲ್ಲಿ ನೀರಿನ ಬಾಟಲಿ ಸೋರಿ ನನ್ನ ಬಿಳಿ ವೇಲ್ ಗುಲಾಬಿಯಾಯಿತು, ಅವ್ವನ ಬೈಗುಳ ಬೇರೆ. ಅರ್ಧ ಪುಸ್ತಕ ಆಗುವಷ್ಟರಲ್ಲಿ ಹೊಲಿಗೆ ಸಡಿಲ ಬಿಟ್ಟಿತು, ಸೂಜಿ ದಾರ ಹಿಡಿದು ನಾನೇ ಬಿಗಿದೆ. ನಾಳೆ ಸಬ್ಮಿಷನ್ ಇದೆ ಎಂದು ಇದು ಕೂಗಿ ಹೇಳುವುದಿಲ್ಲ, ಅದಕ್ಕೆ ಮೊಬೈಲಿನ ಅಲಾರಂ ಇಟ್ಟುಕೊಂಡಿದ್ದೇನೆ. ಕ್ಲಾಸಿನಲ್ಲಿ ಹೊರತೆಗೆದರೆ "ತೊಗರಿ ರೇಟ್ ಎಷ್ಟದ ಸೇಠಜಿ?" ಅಂತಾರೆ. ಆ ಕಡೆ ಗಮನ ಕೊಡದವರು ಮಾತ್ರ ಕೊಳ್ಳಿ. ರಾತ್ರಿ ಹತ್ತು ನಿಮಿಷ ಕೂರಲಾರದವರು ಕೊಂಡರೆ 140 ರೂಪಾಯಿ ದಂಡ.

ಟಿಓಸಿಯ ಎರಡನೇ ಇಂಟರ್ನಲ್ಸ್‌ನಲ್ಲಿ 19 ಬಂತು, ಹಾಜರಿ ಸರಿಯಾಗಿ 44. ಆರನೇ ಸೆಮಿಸ್ಟರಿಗೆ ಅಂಥದ್ದೇ ಇನ್ನೊಂದು ತಂದಿದ್ದೇನೆ. ಮೊದಲ ಪುಟಕ್ಕೆ ಹಳೇ ಬಾಕಿ ಒಂದನ್ನೇ ಎಳೆದುಕೊಂಡೆ: ಪಕ್ಕದ ಬೆಂಚಿನ ಗೆಳತಿಗೆ ಜೆರಾಕ್ಸಿನ 30 ರೂಪಾಯಿ.