ಗಂಟೆಗಟ್ಟಲೆ ಓಡುವ ಕೆಲಸಕ್ಕೆ ಯಾವುದು: ಆರ್‌ಕ್ಯೂ, ಸೆಲರಿ, ಇಲ್ಲ ಪೋಸ್ಟ್‌ಗ್ರೆಸ್ ಟೇಬಲ್?

ನಮ್ಮ ಜ್ಯಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆ್ಯಪ್‌ನಲ್ಲಿ ಒಂದು ಬಟನ್ ಇದೆ. ಒತ್ತಿದರೆ ಇಡೀ ವರ್ಷದ ರಸೀದಿಗಳೆಲ್ಲ ಪಿಡಿಎಫ್ ಆಗಿ ಒಂದೇ ಜಿಪ್ ಫೈಲಿಗೆ ಸೇರುತ್ತವೆ. ದೊಡ್ಡ ಖಾತೆಗಳಿಗೆ ಇದು ಒಂದು ಗಂಟೆ ದಾಟುತ್ತದೆ. ಆ್ಯಪ್ ಓಡಿಸುವ ಸರ್ವರ್ ಗುನಿಕಾರ್ನ್ ಮೂಲ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್ ಮಾತ್ರ ಕಾಯುತ್ತದೆ, ಹಾಗಾಗಿ ಕೆಲಸ ಹಿನ್ನೆಲೆಗೆ ಹೋಗಲೇಬೇಕು.

ಆರ್‌ಕ್ಯೂ, ಸೆಲರಿ ಎರಡೂ ಕೆಲಸಗಳನ್ನು ಸರದಿಯಲ್ಲಿಟ್ಟು ಹಿನ್ನೆಲೆಯಲ್ಲಿ ಓಡಿಸುವ ಪೈಥಾನ್ ಲೈಬ್ರರಿಗಳು; ಮೂರನೆಯದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದು ಟೇಬಲ್. ಇದೇ ಕೆಲಸವನ್ನು ಮೂರರಲ್ಲೂ ಓಡಿಸಿದೆ. ನಾನು ನೋಡಿದ್ದು ವೇಗವನ್ನಲ್ಲ. ಕೆಲಸ ಅರ್ಧ ಆಗಿರುವಾಗ ವರ್ಕರ್ ಅನ್ನು (ಕೆಲಸ ಓಡಿಸುವ ಪ್ರೊಸೆಸ್) ಕಿಲ್ ಮಾಡಿದರೆ ಮುಂದೇನು ಅನ್ನೋದನ್ನ. ಮೆಮೊರಿ ಮುಗಿದಾಗ ಆಗೋದು ಇದೇ ಅಲ್ವಾ?

ಆರ್‌ಕ್ಯೂ ಕೂರಿಸೋದು ಬಹಳ ಸುಲಭ. ಆದರೆ ನಾವೇ ಹೇಳದಿದ್ದರೆ 180 ಸೆಕೆಂಡಿಗೆ ಕೆಲಸವನ್ನು ನಿಲ್ಲಿಸುತ್ತದೆ. ಆ ಮಿತಿ ಏರಿಸಿದೆ. ಕಿಲ್ ಆದ ಕೆಲಸ ವಿಫಲವಾದವುಗಳ ಪಟ್ಟಿಗೆ ಹೋಗಿ ಕೂರುತ್ತದೆ, ಮತ್ತೆ ಓಡಿಸೋದು ನಮಗೆ ಬಿಟ್ಟದ್ದು. ಕೆಲಸ ಕಳೆದುಹೋಗಲ್ಲ, ಅದು ಒಳ್ಳೆಯದೇ.

ಸೆಲರಿಯಲ್ಲಿ ಇಲ್ಲದ ಸೌಲಭ್ಯವಿಲ್ಲ. ಆದರೆ ಉದ್ದದ ಕೆಲಸಕ್ಕೆ ಅದರ ಮೂಲ ಸೆಟ್ಟಿಂಗ್‌ಗಳು ಹೊಂದೋದಿಲ್ಲ. ಕೆಲಸ ಶುರುವಾಗುವ ಮೊದಲೇ 'ತಲುಪಿತು' ಎಂದು ಸಹಿ ಹಾಕಿಬಿಡುತ್ತದೆ. ಆಮೇಲೆ ವರ್ಕರ್ ಸತ್ತರೆ ಕೆಲಸವೂ ಹೋಯಿತು. 'ಆ್ಯಕ್ಸ್ ಲೇಟ್' (acks_late) ಸೆಟ್ಟಿಂಗ್ ಆನ್ ಮಾಡಿದರೆ ಮುಗಿದ ಮೇಲೆ ಸಹಿ ಬೀಳುತ್ತದೆ. ಆಗ ರೆಡಿಸ್ (ಸರದಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಡೇಟಾಬೇಸ್) ಜೊತೆ ಬೇರೆ ತೊಡಕು: ಒಂದು ಗಂಟೆಯೊಳಗೆ ಸಹಿ ಬರದಿದ್ದರೆ ಅದೇ ಕೆಲಸ ಇನ್ನೊಂದು ವರ್ಕರ್ ಕೈಗೆ ಹೋಗುತ್ತದೆ. ಮೊದಲನೆಯದು ಇನ್ನೂ ಓಡುತ್ತಿರುವಾಗಲೇ! ಆ ಅವಧಿಯನ್ನು ಮೂರು ಗಂಟೆ ಮಾಡಿ ನೋಡಿ, ನಿಜವಾಗಿ ಸತ್ತ ಕೆಲಸ ಮೂರು ಗಂಟೆ ಹಾಗೇ ಬಿದ್ದಿರುತ್ತದೆ. ಇದರ ಮೇಲೆ ಪ್ರತಿ ಪ್ರೊಸೆಸ್‌ಗೆ ನಾಲ್ಕರಂತೆ ಮುಂಗಡವಾಗಿ ಕೆಲಸ ಎತ್ತಿಟ್ಟುಕೊಳ್ಳುವ ಅಭ್ಯಾಸ ಬೇರೆ. ಪಕ್ಕದ ವರ್ಕರ್ ಖಾಲಿ ಇದ್ದರೂ ಅವು ಅದಕ್ಕೆ ಸಿಗಲ್ಲ. ಅದನ್ನು ಒಂದಕ್ಕೆ ಇಳಿಸಲೇಬೇಕು.

ಕೊನೆಗೆ ನಾನು ಉಳಿಸಿಕೊಂಡದ್ದು ಪೋಸ್ಟ್‌ಗ್ರೆಸ್. ಒಂದು ಟೇಬಲ್, 9.5ನೇ ಆವೃತ್ತಿಯಿಂದ ಇರುವ 'ಸ್ಕಿಪ್ ಲಾಕ್ಡ್' (ಬೇರೆಯವರು ಲಾಕ್ ಮಾಡಿದ ಸಾಲನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ಸೌಲಭ್ಯ), ಒಂದು ಚಿಕ್ಕ ಲೂಪ್, ಅಷ್ಟೆ. ಎರಡು ವರ್ಕರ್ ಒಂದೇ ಸಾಲಿಗೆ ಕೈಹಾಕೋದಿಲ್ಲ. ಆದರೆ ಕೆಲಸ ಮುಗಿಯುವವರೆಗೂ ಲಾಕ್ ಹಿಡಿದಿಡಬೇಡಿ. ಗಂಟೆಗಟ್ಟಲೆ ತೆರೆದ ಟ್ರಾನ್ಸಾಕ್ಷನ್ ಇದ್ದರೆ ಪೋಸ್ಟ್‌ಗ್ರೆಸ್‌ನ ಕಸ ಗುಡಿಸುವ 'ವ್ಯಾಕ್ಯೂಮ್' ಹಳೆಯ ಸಾಲುಗಳನ್ನು ಗುಡಿಸಲಾಗದು. ನಾನು ಸಾಲಿನ ಸ್ಥಿತಿಯನ್ನು 'ನಡೆಯುತ್ತಿದೆ' ಎಂದು ಬದಲಿಸಿ, ತಕ್ಷಣ ಕಮಿಟ್ ಮಾಡಿ (ಬದಲಾವಣೆ ಖಾಯಂ ಮಾಡಿ) ಟ್ರಾನ್ಸಾಕ್ಷನ್ ಮುಗಿಸುತ್ತೇನೆ. ಆಮೇಲೆ ಪ್ರತಿ ನೂರು ರಸೀದಿಗೊಮ್ಮೆ ಎಲ್ಲಿಯವರೆಗೆ ಬಂತು, ಎಷ್ಟು ಗಂಟೆಗೆ ಎಂದು ಅದೇ ಸಾಲಿನಲ್ಲಿ ಬರೆಯುತ್ತೇನೆ. ಐದು ನಿಮಿಷ ಸುದ್ದಿ ಇಲ್ಲದಿದ್ದರೆ ಇನ್ನೊಂದು ವರ್ಕರ್ ಅಲ್ಲಿಂದಲೇ ಮುಂದುವರಿಸುತ್ತದೆ.

ಪ್ರಗತಿಯನ್ನು ಗ್ರಾಹಕರಿಗೆ ತೋರಿಸಲು ಈ ಟೇಬಲ್ ಹೇಗೂ ಬೇಕಿತ್ತು. ಮೂರರಲ್ಲಿ ಯಾವುದನ್ನು ತಗೊಂಡರೂ ಬೇಕಾಗುತ್ತಿತ್ತು. ಹಾಗಿದ್ದ ಮೇಲೆ ಕೆಲಸಗಳ ಸರದಿ (ಕ್ಯೂ) ಬೇರೆ ಕಡೆ ಯಾಕೆ? ಇನ್ನೊಂದು ಲಾಭ: ಆರ್ಡರ್ ಮತ್ತು ಕೆಲಸ ಒಂದೇ ಕಮಿಟ್‌ನಲ್ಲಿ ಸೇರುತ್ತವೆ. ಆರ್ಡರ್ ರೋಲ್‌ಬ್ಯಾಕ್ ಆದರೆ (ಡೇಟಾಬೇಸ್‌ನಲ್ಲಿ ರದ್ದಾದರೆ) ಅದರ ಕೆಲಸವೂ ಇರಲ್ಲ.

ಸೆಕೆಂಡಿಗೆ ಸಾವಿರಾರು ಪುಟ್ಟ ಕೆಲಸ ಬರುವ ಕಡೆ ಇದನ್ನು ಹೇಳಲಾರೆ, ಅಲ್ಲಿ ರೆಡಿಸ್ ಬೇಕು. ನಮ್ಮ ಇಮೇಲ್‌ಗಳು ಈಗಲೂ ರೆಡಿಸ್ ಮೇಲೆ ಓಡುವ ಆರ್‌ಕ್ಯೂನಲ್ಲೇ ಹೋಗುತ್ತವೆ.