‘ಯುನಿಸೆಕ್ಸ್’ ಒಳಚಡ್ಡಿ ತರಿಸೋ ಮುಂಚೆ ಒಳಗಿನ ಹೊಲಿಗೆ ನೋಡಿ

ಮೂರು ಚಡ್ಡಿಯ ಪ್ಯಾಕು, 749 ರೂಪಾಯಿ. ಪೊಟ್ಟಣದ ಮೇಲೆ ‘ಯುನಿಸೆಕ್ಸ್ ಟ್ರಂಕ್, ಎಲ್ಲ ಮೈಕಟ್ಟಿಗೂ’ ಅಂತ ದಪ್ಪಕ್ಷರ; ಅಂದರೆ ಗಂಡು-ಹೆಣ್ಣು ಇಬ್ಬರಿಗೂ ಆಗುವ, ಗಿಡ್ಡ ಕಾಲಿರುವ ಒಳಚಡ್ಡಿ. ದಾವಣಗೆರೆಯ ವಿದ್ಯಾನಗರದ ಒಂದು ಪಿಜಿಯಲ್ಲಿರುವ ಮೂವರು ಹುಡುಗಿಯರು ತಲಾ ಒಂದೊಂದು ಪ್ಯಾಕು ಆನ್‌ಲೈನಲ್ಲಿ ತರಿಸಿದರು. ಹದಿನೈದು ದಿನದೊಳಗೆ ಮೂವರೂ ಮೂಲೆಗೆ ಎಸೆದರು. ಒಬ್ಬಳಿಗೆ ತೊಡೆಸಂದಿ ಕೆಂಪಾಗಿ ಚರ್ಮ ಸುಲಿದು, ಎರಡು ದಿನ ಕಾಲು ಅಗಲಿಸಿ ನಡೆಯುವ ಹಾಗಾಯಿತು. ಆ ಮಾಲಿನ ಹೊಲಿಗೆ ಬಿಚ್ಚಿ ಟೇಬಲ್ ಮೇಲೆ ಹರಡಿ ನೋಡಿದಾಗ ಕಂಡದ್ದು ಇಲ್ಲಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಕಟಿಂಗ್ ಬೇರೆ ಬೇರೆ ಲೇಬಲ್ ಹೊತ್ತು ಬರುತ್ತಿದೆ, ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಬೀಳುತ್ತೀರಿ.

ಇಂಥ ಚಡ್ಡಿ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಲೇಸು, ರಿಬ್ಬನ್ ಹೂವು ಬೇಡ, ತೊಡೆಗೆ ತೊಡೆ ಉಜ್ಜಬಾರದು, ಲಂಗದ ಒಳಗೂ ಸ್ಕೂಟಿ ಮೇಲೂ ನೆಮ್ಮದಿಯಾಗಿರಬೇಕು ಅನ್ನುವವರಿಗೆ ಕಾಲಿರುವ ಚಡ್ಡಿಯೇ ಸರಿ. ತೊಂದರೆ ಇರುವುದು ಗಂಡಸರಿಗೆ ಕತ್ತರಿಸಿದ ಬಟ್ಟೆಗೆ ‘ಎಲ್ಲರಿಗೂ’ ಅಂತ ಚೀಟಿ ಅಂಟಿಸುವುದರಲ್ಲಿ.

ಚಡ್ಡಿಯನ್ನು ಒಳಮಗ್ಗುಲು ಮಾಡಿ. ಮುಂಭಾಗದಲ್ಲಿ ಸೊಂಟಪಟ್ಟಿಯಿಂದ ಬಾಗಿ ಇಳಿಯುವ ಎರಡು ಹೊಲಿಗೆ, ಅವುಗಳ ನಡುವೆ ಸೌಟಿನ ಹಾಗೆ ಉಬ್ಬಿದ ತುಂಡು ಕಂಡರೆ ಅದು ಗಂಡಸರ ಅಚ್ಚು. ಈ ಮಾಲಿನಲ್ಲಿ ಆ ತುಂಡು ಎರಡು ಪದರದ್ದಿತ್ತು; ಗಂಡಸರ ಚಡ್ಡಿಯಲ್ಲಿ ಬಾಯಿ ಬಿಡುವ ಜಾಗವನ್ನು ಒಂದೇ ಒಂದು ನೇರ ಹೊಲಿಗೆ ಓಡಿಸಿ ಮುಚ್ಚಿದ್ದರು. ಅಷ್ಟಕ್ಕೇ ಅದು ಯುನಿಸೆಕ್ಸ್! ಹೆಣ್ಣಿನ ಮೈಮೇಲೆ ಆ ಉಬ್ಬು ಖಾಲಿ ಉಳಿದು ಮಡಿಕೆ ಬೀಳುತ್ತದೆ. ಎರಡೂ ಹೊಲಿಗೆ ಕೆಳಗೆ ಹೋಗಿ ಕೂಡುವಲ್ಲಿ ನಾಲ್ಕು ಪದರ ಬಟ್ಟೆ ಸೇರಿ ಹುಣಸೆಬೀಜದಷ್ಟು ಗಂಟು. ಸ್ಕೂಟಿ ಸೀಟು ಒತ್ತುವುದು ಸರಿಯಾಗಿ ಅಲ್ಲಿಗೇ. ಓವರ್‌ಲಾಕ್ ಅಂಚಿಗೆ (ಬಟ್ಟೆಯ ಅಂಚು ಬಿಚ್ಚದಂತೆ ಹಾಕುವ ಹೊಲಿಗೆ) ನೈಲಾನ್ ದಾರ ಹಾಕಿದ್ದರಿಂದ ಅದು ಬೆವರಿನಲ್ಲಿ ಅರದಂತೆ ಉಜ್ಜಿತ್ತು.

ಹೆಂಗಸರಿಗಾಗಿ ಕತ್ತರಿಸಿದ ಚಡ್ಡಿಯಲ್ಲಿ ಮುಂಭಾಗ ಚಪ್ಪಟೆ. ತೊಡೆಸಂದಿಯಲ್ಲಿ ಬೇರೆಯದೇ ಒಂದು ಹತ್ತಿಪಟ್ಟಿ ಇರುತ್ತದೆ, ಟೈಲರುಗಳು ಗಸೆಟ್ಟು ಅನ್ನುತ್ತಾರೆ. ಅದರ ಹೊಲಿಗೆ ಮುಂದೆ ಒಂದು, ಹಿಂದೆ ಒಂದು. ನಟ್ಟನಡುವೆ ಹೊಲಿಗೆಯೇ ಬರಬಾರದು. ಹಿಂಭಾಗದ ಎತ್ತರ ಮುಂಭಾಗಕ್ಕಿಂತ ಹೆಚ್ಚಿರಬೇಕು. ಈ ಚಡ್ಡಿಯಲ್ಲಿ ಉಬ್ಬಿಗೆಂದು ಮುಂದೆ ಬಟ್ಟೆ ಹೆಚ್ಚು ಕೊಟ್ಟು ಹಿಂದೆ ಜಿಪುಣತನ ಮಾಡಿದ್ದರು. ನಿಂತಾಗ ಗೊತ್ತಾಗುವುದಿಲ್ಲ. ಕುಳಿತ ಕೂಡಲೇ ಸೊಂಟಪಟ್ಟಿ ಹಿಂದೆ ಜಾರಿತು.

ಇನ್ನು ಸೈಜು. ಚಾರ್ಟಿನಲ್ಲಿ ಇದ್ದದ್ದು ಸೊಂಟದ ಅಳತೆ ಮಾತ್ರ: ಎಂ ಅಂದರೆ 80ರಿಂದ 85 ಸೆಂ.ಮೀ. ಎಂ ತರಿಸಿದ ಹುಡುಗಿಯ ಸೊಂಟ 80, ಸೀಟು (ಅಂದರೆ ಹಿಂಭಾಗದ ದಪ್ಪನೆಯ ಕಡೆ ಸುತ್ತಳತೆ) 102, ತೊಡೆ 61. ಎಂ ಸರಿಯೇ ಅನಿಸಿತು. ಟೇಪು ಹಿಡಿದರೆ ಚಡ್ಡಿಯ ಸೀಟು ಮಡಿಸಿಟ್ಟಾಗ 43, ಅಂದರೆ ಸುತ್ತಳತೆ 86. ಕಾಲಿನ ಬಾಯಿ ಮಡಿಸಿದಾಗ 24, ಸುತ್ತ 48. ಸೀಟಿನಲ್ಲಿ ಬಟ್ಟೆ ಸುಮಾರು ಶೇ. 19, ತೊಡೆಯಲ್ಲಿ ಶೇ. 27 ಹಿಗ್ಗಿ ನಿಂತಿತ್ತು. ಅಂಚು ಅಷ್ಟು ಬಿಗಿ, ಕಾಲಿನ ಉದ್ದ ಬರೀ 6 ಸೆಂ.ಮೀ.; ನಾಲ್ಕು ಹೆಜ್ಜೆ ಇಟ್ಟರೆ ಸುರುಳಿ ಸುತ್ತಿಕೊಂಡು ತೊಡೆಸಂದಿಯ ಮಡಿಕೆಯಲ್ಲಿ ಹಗ್ಗವಾಗಿ ಕೂರುತ್ತದೆ. ಚರ್ಮ ಸುಲಿದದ್ದು ಹೀಗೆ. ಎಲ್ ತರಿಸಿದವಳಿಗೆ ತೊಡೆ ಸರಿಹೋಯಿತು, ಸೊಂಟದಲ್ಲಿ ಕೈ ತೂರುವಷ್ಟು ಸಡಿಲ. ಗಂಡಸರ ಅಚ್ಚಿನಲ್ಲಿ ಸೊಂಟಕ್ಕೂ ಸೀಟಿಗೂ ಇರುವ ಅಂತರವೇ ಕಡಿಮೆ, ಸೈಜು ದೊಡ್ಡದು ಮಾಡಿದರೆ ಆ ಅಂತರ ಹುಟ್ಟುವುದಿಲ್ಲ. ಆದ್ದರಿಂದ ಸೀಟು, ತೊಡೆ ಎರಡರ ಅಳತೆಯೂ ಚಾರ್ಟಿನಲ್ಲಿ ಇಲ್ಲದಿದ್ದರೆ ಆ ಪುಟ ಮುಚ್ಚಿಬಿಡಿ. ನಿಮ್ಮ ತೊಡೆಯನ್ನು ಕುಳಿತು ಅಳೆಯಿರಿ. ನಿಂತಾಗಿನದಕ್ಕಿಂತ ಹೆಚ್ಚೇ ಬರುತ್ತದೆ.

ಮುಟ್ಟಿನ ದಿನಗಳಲ್ಲಂತೂ ಇದು ಕೆಲಸಕ್ಕೇ ಬಾರದು. ರೆಕ್ಕೆಯಿರುವ ಪ್ಯಾಡು ನಿಲ್ಲಬೇಕಾದರೆ ಅದನ್ನು ಮಡಿಚಿ ಅಂಟಿಸಲು 6-7 ಸೆಂ.ಮೀ. ಅಗಲದ ಬಿಡಿ ಪಟ್ಟಿ ಬೇಕು. ಕಾಲಿರುವ ಚಡ್ಡಿಯಲ್ಲಿ ಆ ಅಂಚೇ ಇಲ್ಲ, ಉಬ್ಬಿನ ಮೇಲೆ ಪ್ಯಾಡು ಸಮನಾಗಿ ಕೂರುವುದೂ ಇಲ್ಲ. ಒಂದೋ ರೆಕ್ಕೆಯಿಲ್ಲದ, ಹಿಂದೆ ಅಂಟು ಜಾಸ್ತಿಯಿರುವ ಪ್ಯಾಡು. ಇಲ್ಲವೇ ಆ ನಾಲ್ಕು ದಿನಕ್ಕೆ ಮಾಮೂಲಿ ಚಡ್ಡಿ.

ಬಟ್ಟೆಯ ಕಥೆ ಬೇರೆ. ಪುಟದಲ್ಲಿ ‘ಕಾಟನ್’ ಎಂದಿತ್ತು. ಒಳಅಂಚಿನಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಬೆಂಕಿಕಡ್ಡಿ ತೋರಿಸಿದರೆ ಸತ್ಯ ಗೊತ್ತಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉದುರುವ ಬೂದಿ. ಈ ಎಳೆ ಉರಿಯಿಂದ ಹಿಂದೆ ಸರಿದು, ಕರಗಿ, ಸಾಸಿವೆಯಂಥ ಗಟ್ಟಿ ಕರಿಗುಂಡಾಯಿತು. ಪಾಲಿಯೆಸ್ಟರ್. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡಿದ್ದ ದಾವಣಗೆರೆಗೆ ಇದನ್ನು ಹತ್ತಿ ಅಂತ ಕಳಿಸುತ್ತಾರೆ ನೋಡಿ! ಏಪ್ರಿಲ್-ಮೇ ಬಿಸಿಲಿನಲ್ಲಿ ದಿನವಿಡೀ ಬೆವರು ಆರದೆ ಉಳಿದರೆ ಫಂಗಸ್ಸಿಗೆ ಅದಕ್ಕಿಂತ ಒಳ್ಳೆ ಮನೆ ಬೇಕಿಲ್ಲ. ನಂಬುವಂಥದ್ದು ಶೇ. 95 ಹತ್ತಿ, ಶೇ. 5 ಸ್ಪ್ಯಾಂಡೆಕ್ಸ್ (ರಬ್ಬರಿನಂತೆ ಹಿಗ್ಗುವ ಎಳೆ), ಗಸೆಟ್ಟಿನ ಒಳಪದರ ಮಾತ್ರ ಪೂರ್ತಿ ಹತ್ತಿ. ಕೆಂಪು ಸುತ್ತು ಎದ್ದು ತುರಿಕೆ ಶುರುವಾದರೆ ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ಎರಡು ದಿನ ಅಡಗಿ, ಗಜಕರ್ಣ ಇನ್ನೂ ಅಗಲವಾಗಿ ಬರುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ. ಹಾಗೇ, ಒಗೆದ ಚಡ್ಡಿಯನ್ನು ಯಾರೂ ನೋಡಬಾರದೆಂದು ಟವೆಲಿನ ಅಡಿ ಒಣಹಾಕುವ ಅಭ್ಯಾಸ ಬಿಡಿ, ಬಿಸಿಲಿಗೆ ಹಾಕಿ. ಬ್ಲೀಚು, ಕುದಿನೀರು ಮಾತ್ರ ಬೇಡ, ಎಲಾಸ್ಟಿಕ್ ಸತ್ತುಹೋಗುತ್ತದೆ.

‘ಯುನಿಸೆಕ್ಸ್’ ಟೀ-ಶರ್ಟಿನದ್ದೂ ಇದೇ ಹಣೆಬರಹ: ಭುಜದ ಹೊಲಿಗೆ ತೋಳಿಗೆ ಇಳಿದಿರುತ್ತದೆ, ಸೀಟಿನ ಹತ್ತಿರ ಬಿಗಿ. ಎದೆ ಚಪ್ಪಟೆ ಕಾಣಲೆಂದು ಒಳಗೆ ಕ್ರೇಪ್ ಬ್ಯಾಂಡೇಜು ಬಿಗಿಯುವವರಿದ್ದಾರೆ. ಅದನ್ನು ಮಾಡಲೇಬೇಡಿ, ಉಸಿರು ಕಟ್ಟುತ್ತದೆ, ಪಕ್ಕೆಲುಬಿಗೆ ಪೆಟ್ಟು.

ಹೊಲಿಸಿಕೊಳ್ಳುವುದಾದರೆ ದಾವಣಗೆರೆ ಚೌಕಿಪೇಟೆಯಲ್ಲೋ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲೋ ಹಿಗ್ಗುವ ಹೊಸೈರಿ (ಬನಿಯನ್ನಿನಂತೆ ಹೆಣೆದ) ಹತ್ತಿಬಟ್ಟೆ ಕೇಳಿ. ಕೊಳ್ಳುವ ಮೊದಲು 10 ಸೆಂ.ಮೀ. ಗುರುತು ಹಾಕಿಕೊಂಡು 15ರವರೆಗೆ ಎಳೆದು ಬಿಡಿ; ತಿರುಗಿ ಹತ್ತಕ್ಕೆ ಬರದೆ ಹತ್ತೂವರೆಗೆ ನಿಂತರೆ ಆ ಬಟ್ಟೆ ತಿಂಗಳಲ್ಲಿ ಜೋತುಬೀಳುತ್ತದೆ. ಕತ್ತರಿಸುವ ಮೊದಲು ಒಮ್ಮೆ ಒಗೆದು ಒಣಗಿಸಿ, ಹತ್ತಿ ಕುಗ್ಗಿಯೇ ಕುಗ್ಗುತ್ತದೆ. ಮೇಲಿನ ಅಳತೆಯ ಹುಡುಗಿಗೆ ಸೀಟು ಮಡಿಸಿದಾಗ 46-47, ಕಾಲಿನ ಬಾಯಿ 28, ಕಾಲಿನ ಉದ್ದ 12, ಸೊಂಟದ ಎಲಾಸ್ಟಿಕ್ 72 ಸೆಂ.ಮೀ. ಗಸೆಟ್ಟು 14 ಸೆಂ.ಮೀ. ಉದ್ದ, ಕಿರಿದಾದ ಕಡೆ 7 ಅಗಲ, ಎರಡು ಪದರ; ಒಳಪದರಕ್ಕೆ ಬನಿಯನ್ ಬಟ್ಟೆ ಸಾಕು. ಟೈಲರಿಗೆ ಎರಡು ಮಾತು ಮರೆಯದೆ ಹೇಳಿ: ಸೂಜಿ ಬಾಲ್‌ಪಾಯಿಂಟ್ (ತುದಿ ದುಂಡಗಿನದು) 11ನೇ ನಂಬರಿನದು ಹಾಕಿ, ಹೊಲಿಗೆ ಜಿಗ್‌ಜಾಗ್ (ಅಂಕುಡೊಂಕು) ಇರಲಿ. ಮಾಮೂಲಿ ಸೂಜಿ ಎಳೆ ಕಡಿದು ತೂತು ಮಾಡುತ್ತದೆ. ನೇರ ಹೊಲಿಗೆ ಹಿಗ್ಗದೆ, ಕುಳಿತಾಗ ಟಪ್ಪೆಂದು ಕಿತ್ತುಬರುತ್ತದೆ.

ದುಡ್ಡಿನ ವಿಷಯ. ‘ಒಳಉಡುಪು, ಹೈಜೀನ್ ಕಾರಣಕ್ಕೆ ವಾಪಸ್ ಇಲ್ಲ’ ಅಂತ ಮಾರಿದವರು ಜಾರಿಕೊಂಡರು. ಇಷ್ಟವಾಗಲಿಲ್ಲ ಅನ್ನುವುದಕ್ಕೆ ಆ ಉತ್ತರ ನಡೆಯಬಹುದು. ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು ಆದಾಗ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನಲು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ಅವಕಾಶವಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆದರೆ ಕೈಯಲ್ಲಿ ಪುರಾವೆ ಇರಬೇಕು: ಆರ್ಡರ್ ಮಾಡುವ ದಿನವೇ ಪುಟದ ಸ್ಕ್ರೀನ್‌ಶಾಟ್, ಪೊಟ್ಟಣ ಬಿಚ್ಚುವ ವಿಡಿಯೊ, ಟೇಪು ಇಟ್ಟು ತೆಗೆದ ಫೋಟೊ. ಹಾಕಿ ನೋಡುವುದಾದರೆ ಈಗಿರುವ ಚಡ್ಡಿಯ ಮೇಲೆಯೇ, ಟ್ಯಾಗ್ ಕತ್ತರಿಸದೆ, ಒಂದೇ ಒಂದನ್ನು. ಈ ಮೂವರ ಪೈಕಿ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದವಳು ಒಬ್ಬಳೇ. ದೂರು ಹೋದ ವಾರದಲ್ಲೇ ಆ ಪುಟದ ‘ಕಾಟನ್’ ಹೋಗಿ ‘ಕಾಟನ್ ಬ್ಲೆಂಡ್’ ಆಗಿತ್ತು. ಅವಳ 749 ರೂಪಾಯಿ ಮರಳಿತು. ಉಳಿದಿಬ್ಬರ ಚಡ್ಡಿಗಳು ಈಗ ಸ್ಕೂಟಿ ಒರೆಸುವ ಬಟ್ಟೆ. ಪಾಲಿಯೆಸ್ಟರ್ ಆದ್ದರಿಂದ ಅದಕ್ಕೂ ಸರಿಯಾಗಿ ನೀರು ಹೀರುವುದಿಲ್ಲ.