ಲಿವರ್‌ಪೂಲ್ ನಿಯಮದ ಕರಾರನ್ನು ರಾಯಚೂರಿನಲ್ಲಿ ಓದಿಸಿದರೆ: ಒಂದು ಕಾನೂನು ಸಲಹಾ ಸೇವೆಯ ವಿಮರ್ಶೆ

ರಾಯಚೂರಿನ ಗಂಜ್‌ನಲ್ಲಿ ಹತ್ತಿ ಕೊಂಡು, ಬೀಜ ಬೇರ್ಪಡಿಸುವ ಜಿನ್ನಿಂಗ್ ಮಾಡಿಸಿ, ಬೇಲ್ ಕಟ್ಟಿ ಮಾರುವ ನಮ್ಮಂಥ ಸಂಸ್ಥೆಗಳಿಗೆ ವಕೀಲರ ಅಗತ್ಯ ಬೀಳುವುದು ಸಾಮಾನ್ಯವಾಗಿ ಚೆಕ್ ಬೌನ್ಸ್ ಆದಾಗ ಅಥವಾ ತೆರಿಗೆಯ ನೋಟಿಸ್ ಬಂದಾಗ ಮಾತ್ರ. ಆದರೆ ಅರಳೆಯನ್ನು ನೇರವಾಗಿ ಹೊರದೇಶಕ್ಕೆ ಕಳಿಸಲು ಹೊರಟವರಿಗೆ ಸಹಿ ಹಾಕುವ ಮೊದಲೇ ಕರಾರನ್ನು ಓದಿ ಅಭಿಪ್ರಾಯ ಬರೆದುಕೊಡುವ ಕಚೇರಿಯೊಂದು ಊರಿನಲ್ಲಿಯೇ ಇದೆ. ಈ ಹಂಗಾಮಿನಲ್ಲಿ ಅವರ ಸೇವೆ ಪಡೆದ ಅನುಭವದಿಂದ, ಆ ಸೇವೆ ಯಾರಿಗೆ ತಕ್ಕುದು ಮತ್ತು ಎಲ್ಲಿ ಸಾಲದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಒಯ್ದದ್ದು ಬಾಂಗ್ಲಾದೇಶದ ನೂಲಿನ ಗಿರಣಿಯೊಂದರ ಕರಾರು. ಮಾರುವವರು ರಾಯಚೂರಿನವರು, ಕೊಳ್ಳುವವರು ಢಾಕಾದವರು, ಮಾಲು ಇಂಗ್ಲೆಂಡಿನ ನೆಲವನ್ನು ಮುಟ್ಟುವುದೂ ಇಲ್ಲ. ಹೀಗಿದ್ದರೂ ಕರಾರಿನ ಕೊನೆಯಲ್ಲಿ ವ್ಯವಹಾರವು ಲಿವರ್‌ಪೂಲಿನ ಇಂಟರ್‌ನ್ಯಾಷನಲ್ ಕಾಟನ್ ಅಸೋಸಿಯೇಷನ್‌ನ ನಿಯಮಗಳಿಗೆ ಒಳಪಟ್ಟಿದೆ ಎಂಬ ಒಂದು ಸಾಲು ಇತ್ತು. ದರ, ಮೈಕ್ರೋನೇರ್ (ಎಳೆಯ ನಯದ ಅಳತೆ), ಎಳೆಯ ಉದ್ದ ಇವುಗಳನ್ನು ಆಮೇಲೆ ನೋಡಿದರಾಯಿತೆಂದು ವಕೀಲರು ಮೊದಲು ಆ ಸಾಲನ್ನೇ ಹಿಡಿದುಕೊಂಡರು. 1841ರಲ್ಲಿ ಲಿವರ್‌ಪೂಲಿನ ಹತ್ತಿ ದಲ್ಲಾಳಿಗಳು ಕಟ್ಟಿಕೊಂಡ ಆ ಸಂಘದ ನಿಯಮಗಳನ್ನು ಒಪ್ಪಿದವರು ಇಂಗ್ಲಿಷ್ ಕಾನೂನನ್ನೂ ಅಲ್ಲಿನ ಮಧ್ಯಸ್ಥಿಕೆಯನ್ನೂ ಒಪ್ಪಿದಂತೆ. ಅಲ್ಲಿನ ಮಧ್ಯಸ್ಥಗಾರರು ಕೊಡುವ ತೀರ್ಪನ್ನು, ಅಂದರೆ ಐತೀರ್ಪನ್ನು, ಭಾರತದ 1996ರ ಮಧ್ಯಸ್ಥಿಕೆ ಕಾಯ್ದೆಯ ಎರಡನೆಯ ಭಾಗದಡಿ ಇಲ್ಲಿನ ನ್ಯಾಯಾಲಯದ ಮೂಲಕ ಜಾರಿ ಮಾಡಿಸಬಹುದು. ಐತೀರ್ಪಿನಂತೆ ಹಣ ಕಟ್ಟದವರ ಹೆಸರನ್ನು ಸಂಘವು ಪಟ್ಟಿಯಲ್ಲಿ ಪ್ರಕಟಿಸುತ್ತದೆ, ಮತ್ತು ಆ ಹೆಸರಿನವರೊಡನೆ ಅದರ ಸದಸ್ಯರು ವ್ಯವಹಾರ ಮಾಡುವಂತಿಲ್ಲ. ವ್ಯಾಪಾರಿಗೆ ಕೋರ್ಟಿನ ಜಪ್ತಿಗಿಂತ ಈ ಪಟ್ಟಿಯ ಭಯವೇ ದೊಡ್ಡದು ಎಂದು ನನಗೆ ಅನ್ನಿಸಿತು.

ಈ ಸೇವೆಯಲ್ಲಿ ನಮಗೆ ಅತ್ಯಂತ ಉಪಯುಕ್ತವಾದದ್ದು ಕರಾರು ಮುರಿದಾಗ ಆಗುವ ಲೆಕ್ಕದ ವಿವರಣೆ. ಲಿವರ್‌ಪೂಲ್ ನಿಯಮದ ಪ್ರಕಾರ ನೆರವೇರದ ಕರಾರು ರದ್ದಾಗುವುದಿಲ್ಲ. ಅಂದಿನ ಮಾರುಕಟ್ಟೆ ದರದಲ್ಲಿ ಮಾರಿದವನಿಗೇ ತಿರುಗಿ ಬಿಲ್ ಮಾಡಿ ಅದನ್ನು ಮುಗಿಸುತ್ತಾರೆ. ಪೌಂಡಿಗೆ 80 ಸೆಂಟ್‌ಗೆ ಒಪ್ಪಿಕೊಂಡ ಮೇಲೆ ದರ 90ಕ್ಕೆ ಏರಿ, ಮಾರಿದವನು ಮಾಲು ಕಳಿಸದಿದ್ದರೆ 10 ಸೆಂಟ್ ಅವನ ತಲೆಯ ಮೇಲೆ ಬರುತ್ತದೆ. 170 ಕಿಲೋ ತೂಗುವ ನಮ್ಮ ಬೇಲ್‌ನಲ್ಲಿ ಸುಮಾರು 375 ಪೌಂಡ್ ಅರಳೆ ಇರುವುದರಿಂದ ಸಾವಿರ ಬೇಲ್‌ಗೆ ಅದು 37,500 ಡಾಲರ್ ಆಗುತ್ತದೆ. ದರ ಇಳಿದು ಕೊಳ್ಳುವವನು ಹಿಂದೆ ಸರಿದರೆ ಇದೇ ಲೆಕ್ಕ ಅವನ ಕಡೆಗೆ ತಿರುಗುತ್ತದೆ. 2011ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ವಾಯದಾ ಪೇಟೆಯಲ್ಲಿ ಪೌಂಡಿಗೆ 2 ಡಾಲರ್ ದಾಟಿದ್ದ ದರ ಅದೇ ವರ್ಷ ಕುಸಿದಾಗ ಜಗತ್ತಿನಾದ್ಯಂತ ಕರಾರುಗಳು ಮುರಿದು ಲಿವರ್‌ಪೂಲಿಗೆ ವ್ಯಾಜ್ಯಗಳು ರಾಶಿಯಾಗಿ ಹೋದದ್ದು ಈ ವ್ಯಾಪಾರದ ಹಳಬರಿಗೆಲ್ಲ ನೆನಪಿದೆ. ನಷ್ಟದ ಈ ಲೆಕ್ಕ ನಮಗೆ ತೀರ ಪರಕೀಯ ತತ್ವವೇನೂ ಅಲ್ಲ: ಗ್ಲಾಸ್ಟರ್‌ನ ಒಂದು ಗಿರಣಿಯ ಯಂತ್ರದ ದಂಡ ಮುರಿದು ಹಿಟ್ಟು ಬೀಸುವುದು ನಿಂತುಹೋದ ಕಾರಣಕ್ಕೆ ಹುಟ್ಟಿದ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ತೀರ್ಪಿನ, ಕರಾರು ಮುರಿದವನು ಅದರಿಂದ ಸಹಜವಾಗಿ ಆಗುವ ನಷ್ಟವನ್ನು ತುಂಬಿಕೊಡಬೇಕೆಂಬ ಅಳತೆಯೇ ಭಾರತದ 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲೂ ಇದೆ.

ಸರ್ಕಾರ ರಫ್ತು ನಿಲ್ಲಿಸಿದರೆ ಏನು ಗತಿ ಎಂದು ಕೇಳಿದೆವು. 2012ರ ಮಾರ್ಚ್ 5ರಂದು ಕೇಂದ್ರವು ಹತ್ತಿ ರಫ್ತನ್ನು ಒಮ್ಮೆಲೇ ನಿಷೇಧಿಸಿದ್ದನ್ನು ಕಂಡವರಿಗೆ ಇದು ಬರೀ ಊಹೆಯ ಪ್ರಶ್ನೆಯಲ್ಲ. ಅನಿವಾರ್ಯ ಅಡಚಣೆಯ ರಕ್ಷಣೆಯನ್ನು (ಕೈಮೀರಿದ ಕಾರಣದಿಂದ ಕರಾರು ನೆರವೇರದಿದ್ದರೆ ಹೊಣೆ ಬರದಂತೆ ಕಾಯುವ ಷರತ್ತನ್ನು) ಇಂಗ್ಲಿಷ್ ಕಾನೂನು ತಾನಾಗಿ ಕರಾರಿನೊಳಗೆ ಸೇರಿಸುವುದಿಲ್ಲ, ಬೇಕಾದವರು ಬರೆಸಿಕೊಳ್ಳಬೇಕು ಎಂದು ಉತ್ತರ ಬಂತು. ಸರ್ಕಾರದ ನಿಷೇಧವನ್ನು ಸ್ಪಷ್ಟವಾಗಿ ಹೆಸರಿಸಿದ ಒಂದು ವಾಕ್ಯವನ್ನು ಅವರೇ ರಚಿಸಿಕೊಟ್ಟರು. ಶೇಂಗಾ ರಫ್ತಿನ ವ್ಯಾಜ್ಯದಲ್ಲಿ ಕೃಷಿ ಸಹಕಾರಿ ಮಾರಾಟ ಮಹಾಮಂಡಳವಾದ ನಾಫೆಡ್ ವಿರುದ್ಧ ಬಂದಿದ್ದ ವಿದೇಶಿ ಐತೀರ್ಪನ್ನು, ಸರ್ಕಾರದ ಅನುಮತಿ ಇಲ್ಲದ ರಫ್ತು ಸಾರ್ವಜನಿಕ ನೀತಿಗೆ ವಿರುದ್ಧವೆಂದು ನಮ್ಮ ಸುಪ್ರೀಂ ಕೋರ್ಟ್ 2020ರಲ್ಲಿ ಜಾರಿಗೊಳಿಸಲು ನಿರಾಕರಿಸಿದ್ದನ್ನೂ ಹೇಳಿದರು. ಆದರೆ ಆ ಕರಾರು 1980ರ ಆಸುಪಾಸಿನದು, ತೀರ್ಪು ಬಂದದ್ದು ನಾಲ್ಕು ದಶಕಗಳ ನಂತರ; ಅಷ್ಟು ಕಾಲ ಕೋರ್ಟಿನಲ್ಲಿ ನಿಲ್ಲುವ ಶಕ್ತಿ ಜಿನ್ನಿಂಗ್ ಕಾರ್ಖಾನೆಗೆ ಇಲ್ಲವಾದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ ಎಂದು ನೇರವಾಗಿಯೇ ಎಚ್ಚರಿಸಿದರು. ಗಿರಾಕಿಯ ಮನಸ್ಸಿಗೆ ಹಿತವಾಗುವುದನ್ನು ಮಾತ್ರ ಹೇಳದ ಈ ಗುಣವನ್ನು ಮೆಚ್ಚಬೇಕು.

ಸಹಿ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆಯೂ ಅವರಿಂದಲೇ ಬಂತು. ಕಂಪನಿಯೇ ಬೇರೆ, ಅದರ ಷೇರುದಾರರೇ ಬೇರೆ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ಸಾಲಮನ್ ಮೊಕದ್ದಮೆಯಲ್ಲಿ ಹೇಳಿದ ಮಾತಿನ ಆಸರೆ ಪ್ರೈವೇಟ್ ಲಿಮಿಟೆಡ್‌ಗೆ ಉಂಟು. ಅಣ್ಣತಮ್ಮಂದಿರು ಸೇರಿ ನಡೆಸುವ ಪಾಲುದಾರಿಕೆ ಫರ್ಮ್‌ಗೆ ಇಲ್ಲ. ಫರ್ಮ್‌ನ ಸಾಲಕ್ಕೆ ಪಾಲುದಾರರ ಮನೆ, ಹೊಲಗಳೂ ಹೊಣೆಯಾಗುತ್ತವೆ. ಈ ಆಸರೆ ಎದುರು ಪಕ್ಷಕ್ಕೂ ಇರುವುದರಿಂದ, ಕೊಳ್ಳುವವರು ಬ್ರಿಟನ್ನಿನ ಕಂಪನಿಯಾದರೆ ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಅದರ ನಿರ್ದೇಶಕರ ವಿವರ, ಸಲ್ಲಿಸಿದ ಲೆಕ್ಕಪತ್ರಗಳನ್ನು ಶುಲ್ಕವಿಲ್ಲದೆ ನೋಡಬಹುದೆಂದು ಕಂಪ್ಯೂಟರಿನಲ್ಲಿಯೇ ತೋರಿಸಿದರು. ನಿರ್ದೇಶಕನು ಫೋನಿನಲ್ಲಿ ಕೊಟ್ಟ ಜಾಮೀನಿನ ಮಾತು ಭಾರತದಲ್ಲಿ ಸಾಬೀತಾದರೆ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಇಂದಿಗೂ ಜಾರಿಯಲ್ಲಿರುವ 1677ರ ಕಾಯ್ದೆಯಿಂದಾಗಿ ಲಿಖಿತ ದಾಖಲೆ ಮತ್ತು ಸಹಿ ಇಲ್ಲದೆ ಅದಕ್ಕೆ ಬೆಲೆಯಿಲ್ಲ.

ಕೊರತೆಗಳೂ ಸಣ್ಣವಲ್ಲ. ಬಾಯಲ್ಲಿ ಸೊಗಸಾದ ಕನ್ನಡದಲ್ಲಿ ಹೇಳಿದ್ದೆಲ್ಲ ಬರಹಕ್ಕೆ ಬರುವಾಗ ದಟ್ಟ ಇಂಗ್ಲಿಷ್ ಆಗುತ್ತದೆ. ಕಾರ್ಖಾನೆ ನಡೆಸುವ ಹಿರಿಯರಿಗೆ ಅದನ್ನು ಮತ್ತೊಬ್ಬರು ಓದಿ ಹೇಳಬೇಕು. ಬ್ರಿಟನ್ನಿನ 2006ರ ಕಂಪನಿ ಕಾಯ್ದೆಯಲ್ಲಿ ನಿರ್ದೇಶಕರಿಗಿರುವ ಕರ್ತವ್ಯಗಳ ಬಗ್ಗೆ ಪುಟಗಟ್ಟಲೆ ವಿವರಣೆ ಸೇರಿಸಿದ್ದರು, ನಮಗೆ ಅದರಿಂದ ಕವಡೆಯ ಪ್ರಯೋಜನವಿರಲಿಲ್ಲ. ದೊಡ್ಡ ದೋಷವೆಂದರೆ ವೇಗ: ಅರಳೆಯ ದರ ಮಧ್ಯಾಹ್ನಕ್ಕೊಂದು ಸಂಜೆಗೊಂದು ಆಗುವ ವ್ಯಾಪಾರದಲ್ಲಿ ಅಭಿಪ್ರಾಯಕ್ಕಾಗಿ ದಿನಗಟ್ಟಲೆ ಕಾಯಲು ಖರೀದಿದಾರರು ಒಪ್ಪುವುದಿಲ್ಲ. ಶುಲ್ಕವೂ ನೂರು ಬೇಲ್‌ನ ಕರಾರಿಗೆ, ಸಾವಿರ ಬೇಲ್‌ನ ಕರಾರಿಗೆ ಒಂದೇ. ವ್ಯಾಜ್ಯ ಬಂದ ಮೇಲೆ ಅದನ್ನು ಇವರು ನಡೆಸುವುದಿಲ್ಲ, ಮುಂಬಯಿಗೆ ಕಳಿಸುತ್ತಾರೆ.

ಹೊರರಾಜ್ಯದ ರಫ್ತುದಾರರಿಗೆ ಮಾರಿ ಕೈತೊಳೆದುಕೊಳ್ಳುವವರಿಗೆ ಈ ಖರ್ಚು ದಂಡ. ತಮ್ಮ ಹೆಸರಿನಲ್ಲಿಯೇ ಮೊದಲ ಕಂಟೇನರ್ ಕಳಿಸುವವರು ಮಾತ್ರ ತಪ್ಪದೆ ಹೋಗಬೇಕು, ಮತ್ತು ಹಂಗಾಮು ಶುರುವಾಗುವ ಮೊದಲೇ ಒಂದು ಮಾದರಿ ಕರಾರನ್ನು ಓದಿಸಿಟ್ಟುಕೊಂಡರೆ ತಡದ ತೊಂದರೆ ತಪ್ಪುತ್ತದೆ. ದಲ್ಲಾಳಿಯೊಡನೆ ನಡೆದ ವಾಟ್ಸ್ಆ್ಯಪ್ ಸಂದೇಶಗಳನ್ನೂ ಮುದ್ರಿಸಿ ಒಯ್ಯಿರಿ. ದರ, ಮಾಲು, ಗಡುವು ಅಲ್ಲಿಯೇ ಒಪ್ಪಿತವಾಗಿದ್ದರೆ ಸಹಿಗೆ ಮೊದಲೇ ಕರಾರು ಹುಟ್ಟಿರಬಹುದು. ಹಿರಿಯ ವಕೀಲರು ಹಗಲು ಕೋರ್ಟಿನಲ್ಲಿರುವುದರಿಂದ ಸಂಜೆ ಹೋಗುವುದು ಒಳಿತು.